ಟಿಕ್‌ಟಿಕ್ ಎನ್ನುವ ಎದೆ

ಕುರಿತಾತನ ಹೆಂಡತಿಯ ಎದೆ ಟಿಕ್‌ಟಿಕ್ ಎನ್ನುತ್ತಿತ್ತು. ಸುಳ್ಳಲ್ಲ. ಹೃದಯದ ಹಾಳಾದ ವಾಲ್ವ್ ತೆಗೆದು ಲೋಹದ್ದನ್ನು ಕೂರಿಸಿದ ಮೇಲೆ, ಅದು ಮುಚ್ಚಿಕೊಂಡಾಗಲೆಲ್ಲ ಸದ್ದು ಹೊರಗೆ ಕೇಳುತ್ತಿತ್ತು. ಬಸ್ಸಿನಲ್ಲಿ ಪಕ್ಕದವರು ಅವಳ ಬರಿಗೈಯಲ್ಲಿ ಗಡಿಯಾರ ಹುಡುಕುತ್ತಿದ್ದರು. ಮೊಮ್ಮಕ್ಕಳ ಜೊತೆ ಕಣ್ಣಾಮುಚ್ಚಾಲೆ ಆಡಿದರೆ ಪರದೆಯ ಹಿಂದೆ ಅಡಗಿದ ಅಜ್ಜಿ ಕ್ಷಣದಲ್ಲಿ ಸಿಕ್ಕಿಬೀಳುತ್ತಿದ್ದಳು. ಮಾತಿಗೆ ಮಾತು ಬೆಳೆದಾಗ ನನಗೇನೂ ಸಿಟ್ಟಿಲ್ಲ ಎಂದು ಅವಳು ಮುಖ ತಿರುಗಿಸಿದರೂ ಟಿಕ್‌ಟಿಕ್ ಓಡುತ್ತಿತ್ತು. ನಿನ್ನೆದೆಯೇ ನಿನ್ನ ಮೇಲೆ ಚಾಡಿ ಹೇಳುತ್ತಿದೆ ಎಂದು ಇವನು ಛೇಡಿಸಿದರೆ ಅವಳಿಗೆ ನಗು ಬಂದು, ನಗುವಿನ ಜೊತೆ ಸದ್ದು ಇನ್ನಷ್ಟು ಓಡುತ್ತಿತ್ತು.

ಮಲಗಿದಾಗ ಮಾತ್ರ ಅವಳಿಗೆ ಸಂಕೋಚ. ದಿಂಬನ್ನು ಎದೆಗವಚಿಕೊಂಡು ಗೋಡೆ ಕಡೆ ತಿರುಗುತ್ತಿದ್ದಳು.

"ರೀ, ನಿಮ್ಮ ನಿದ್ದೆ ಕೆಡುತ್ತಲ್ವಾ?"

ಇಲ್ಲ ಎನ್ನುತ್ತಿದ್ದ. ನಿಜ ಹೇಳಬೇಕೆಂದರೆ ಮೊದಮೊದಲು ಕೆಡುತ್ತಿತ್ತು. ಆಮೇಲಾಮೇಲೆ ಅದು ಕೇಳದಿದ್ದರೆ ನಿದ್ದೆಯೇ ಹತ್ತದ ಹಾಗಾಯಿತು. ಅದನ್ನು ಅವಳಿಗೆ ಬಾಯಿಬಿಟ್ಟು ಹೇಳಿರಲಿಲ್ಲ. ಗಂಡಸರು ಇಂಥದ್ದನ್ನೆಲ್ಲ ಮುಂದೆ ಯಾವಾಗಲಾದರೂ ಹೇಳೋಣ ಎಂದು ಇಟ್ಟುಕೊಳ್ಳುತ್ತಾರೆ, ಮುಂದೆ ಎನ್ನುವುದು ಅವರಪ್ಪನ ಮನೆಯ ಆಸ್ತಿ ಎಂಬಂತೆ.

ಒಮ್ಮೆ ಅವಳಿಗೆ ವಾಂತಿ ಹತ್ತಿಕೊಂಡಿತು. ರಕ್ತ ಹೆಪ್ಪುಗಟ್ಟದಂತೆ ಕೊಟ್ಟಿದ್ದ ಮಾತ್ರೆ ನುಂಗಿದರೂ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ವಾಂತಿ ನಿಂತ ಮೇಲೆ ನೋಡಿದರೆ ಎದೆಯ ಸದ್ದು ಮೆತ್ತಗಾಗಿತ್ತು, ಕಿವಿ ಹಚ್ಚಿದರಷ್ಟೇ ಕೇಳುತ್ತಿತ್ತು. ಗಂಡ ಹೆಂಡತಿ ಇಬ್ಬರೂ ಹಿಗ್ಗಿಬಿಟ್ಟರು. ನಿಮ್ಮಮ್ಮನ ಗಡಿಯಾರ ಕೊನೆಗೂ ಪಳಗಿತು ಎಂದು ಅವನು ಮಗಳಿಗೆ ಫೋನ್ ಮಾಡಿ ಹೇಳಿದ. ಆ ರಾತ್ರಿ ಅವಳು ದಿಂಬು ಪಕ್ಕಕ್ಕಿಟ್ಟು, ಅವನ ಕಡೆಗೇ ಮುಖ ಮಾಡಿ ಮಲಗಿದಳು. ಅದಾಗಿ ಹೆಚ್ಚು ದಿನವಿಲ್ಲ, ಬೆಳಗ್ಗೆ ಒಲೆಯ ಮುಂದೆ ಕುಸಿದುಬಿದ್ದಳು. ಆಸ್ಪತ್ರೆ ಸೇರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಆಮೇಲೆ ಮನೆ ಬಿಕೋ ಎನ್ನತೊಡಗಿತು. ಒಂದು ಗೋಡೆ ಗಡಿಯಾರ ತಂದು ಮಂಚದ ತಲೆಯ ಕಡೆ ತೂಗುಹಾಕಿ ನೋಡಿದ. ಅದು ನಗುವುದೂ ಇಲ್ಲ, ಸಿಟ್ಟಾಗುವುದೂ ಇಲ್ಲ, ಸದಾ ಒಂದೇ ಸಮ. ಇಳಿಸಿ ಮಗಳ ಮನೆಗೆ ಕೊಟ್ಟುಬಿಟ್ಟ.

ಒಬ್ಬನೇ ಕೂತು ಕೊರಗುತ್ತಾನೆಂದು ಮಗಳೇ ಅಲ್ಲಿ ಇಲ್ಲಿ ಕೇಳಿ, ಅಪ್ಪನನ್ನು ಹೃದಯ ಸಂಶೋಧನಾ ಕೇಂದ್ರದ ಕುರಿಮನೆಯಲ್ಲಿ ಕೆಲಸಕ್ಕೆ ಸೇರಿಸಿದಳು. ಕುರಿತಾತ ಎಂಬ ಹೆಸರು ಬಿದ್ದದ್ದು ಅಲ್ಲೇ. ಹೊಸ ಬಗೆಯ ವಾಲ್ವ್‌ಗಳನ್ನು ಮನುಷ್ಯರಿಗೆ ಹಾಕುವ ಮೊದಲು ಕುರಿಗಳಿಗೆ ಹಾಕಿ ನೋಡುವ ಜಾಗ ಅದು. ಆಗ ಅವರು ಸದ್ದೇ ಮಾಡದ ವಾಲ್ವ್‌ನ ಬೆನ್ನು ಹತ್ತಿದ್ದರು. ಹೋಲಿಸಿ ನೋಡಲೆಂದು ಒಂದು ಹೆಣ್ಣು ಕುರಿಗೆ ಮಾತ್ರ ಹಳೆಯ ಬಗೆಯದನ್ನು ಹಾಕಿದ್ದರು.

ಆ ಕುರಿಯ ಮುಂದೆ ಬಕೆಟ್ ಇಟ್ಟು ಬಗ್ಗಿ ನಲ್ಲಿ ತಿರುಗಿಸಿದವನು ಬಗ್ಗಿದ ಹಾಗೇ ನಿಂತ. ಟಿಕ್. ಟಿಕ್. ಅವಳದೇ ಸದ್ದು. ಅಷ್ಟರಲ್ಲಿ ಶಸ್ತ್ರಚಿಕಿತ್ಸೆ ಮಾಡಿದ ಡಾಕ್ಟರಮ್ಮ ಬಂದು ಕೆಲಸ ಹೇಳಿಕೊಟ್ಟರು. ಜ್ವರ ನೋಡಬೇಕು, ಹೊಲಿಗೆ ಒಣಗಿದೆಯೇ ಗಮನಿಸಬೇಕು, ಮೇವು ಬಿಟ್ಟರೆ ತಿಳಿಸಬೇಕು. ಹೊರಟವರು ತಿರುಗಿ ನಿಂತರು.

"ಇನ್ನೊಂದು. ಈ ಸದ್ದು ಮೆತ್ತಗಾದ್ರೆ ತಕ್ಷಣ ನನ್ನ ಕರೀರಿ. ವಾಲ್ವ್ ಮೇಲೆ ರಕ್ತ ಹೆಪ್ಪುಗಟ್ತಿದೆ ಅಂತ ಅರ್ಥ ಅದು."

ಅವನು ತಲೆಯಾಡಿಸಿದ. ಬಕೆಟ್ ತುಂಬಿ ನೀರು ಕಾಲ ಮೇಲೆ ಹರಿಯುತ್ತಿದ್ದರೂ ನಲ್ಲಿ ನಿಲ್ಲಿಸಲು ಕೈ ಏಳಲಿಲ್ಲ. ಅವಳಿಗೆ ವಾಲ್ವ್ ಹಾಕಿದ ಆಸ್ಪತ್ರೆಯವರು ತಮಗೂ ಇದನ್ನು ಹೇಳಿಯೇ ಕಳಿಸಿದ್ದರೋ ಏನೋ. ಹೆದರಿ ಹಣ್ಣಾಗಿದ್ದ ಇಬ್ಬರ ತಲೆಯಲ್ಲಿ ಉಳಿದದ್ದು ಮಾತ್ರೆಯ ಹೊತ್ತೊಂದೇ.

ಅಂದಿನಿಂದ ಮಧ್ಯಾಹ್ನ ಅವನು ಊಟದ ಡಬ್ಬಿ ಬಿಚ್ಚುತ್ತಿದ್ದುದು ಆ ಕುರಿಯ ಪಕ್ಕದಲ್ಲೇ. ತಿಂದಾದ ಮೇಲೆ ಅದರ ಪಕ್ಕೆಗೆ ಕಿವಿಯಿಟ್ಟು ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಅಪ್ಪನ ಒಂದೇ ಕಿವಿಗೆ ಯಾಕೆ ಉಣ್ಣೆ ಅಂಟಿರುತ್ತದೆ ಎಂದು ಮಗಳು ಕೇಳಿದರೆ, ಗಾಳಿ ಆ ಕಡೆಯಿಂದ ಬೀಸುತ್ತದೆ ಎಂದು ರೈಲು ಬಿಟ್ಟ. ಅವನಿಗೆ ಬೇಕಾಗಿದ್ದವಳು ಹೆಂಡತಿ. ಅವಳು ಸಿಗುವಂತಿರಲಿಲ್ಲ, ಅವಳ ಸದ್ದು ಸಿಕ್ಕಿತ್ತು. ಅಷ್ಟನ್ನಾದರೂ ಬಿಟ್ಟುಕೊಡಲು ಅವನಿಗೆ ಸುತರಾಂ ಮನಸ್ಸಿರಲಿಲ್ಲ.

ಒಂದು ಬೆಳಗ್ಗೆ ಬಾಗಿಲು ತೆಗೆದರೆ ಸದ್ದು ಕೇಳಲಿಲ್ಲ. ಹತ್ತಿರ ಹೋಗಿ ಕಿವಿಯಿಟ್ಟ. ಇತ್ತು, ಆದರೆ ಮೆತ್ತಗೆ, ದೂರದಲ್ಲಿ.

ವಾಲ್ವ್ ಕೆಟ್ಟ ಕುರಿಯನ್ನು ಅಲ್ಲಿ ಉಳಿಸಿಕೊಳ್ಳುತ್ತಿರಲಿಲ್ಲ. ನೋವಾಗದಂತೆ ಸಾಯಿಸಿ, ವಾಲ್ವ್ ಹೊರತೆಗೆದು ಪರೀಕ್ಷಿಸುತ್ತಿದ್ದರು. ಹೇಳಿದರೆ ಇವತ್ತೇ ಹೋಗುತ್ತದೆ. ಬಾಯಿಮುಚ್ಚಿಕೊಂಡಿದ್ದರೆ ಇಷ್ಟಾದರೂ ಇನ್ನು ಸ್ವಲ್ಪ ದಿನ ಕೇಳಿಸೀತು. ಸಂಜೆ ಹೇಳಿದರಾಯಿತು ಎಂದು ಮೇವು ಹಾಕಿದ. ನಾಳೆ ಹೇಳಿದರೂ ನಡೆಯುತ್ತದೆ ಎಂದು ನೆಲ ಗುಡಿಸಿದ. ತಡೆಯಲಾರದೆ ಮತ್ತೆ ಕಿವಿಯಿಟ್ಟಾಗ ಕುರಿ ನಿರಾಳವಾಗಿ ಅವನ ಭುಜಕ್ಕೆ ತಲೆಯೊರಗಿಸಿತು. ದಿಂಬು ಪಕ್ಕಕ್ಕಿಟ್ಟು, ನಗುತ್ತ ತನ್ನ ಕಡೆ ತಿರುಗಿದ ಮುಖ ಅವನ ಕಣ್ಣ ಮುಂದೆ ಬಂತು. ಪೊರಕೆ ಅಲ್ಲೇ ಬಿಸಾಕಿ ಮೆಟ್ಟಿಲೇರಿ ಓಡಿದ.

"ಸದ್ದು ಮೆತ್ತಗಾಗಿದೆ ಮೇಡಂ. ಬೇಗ ಬನ್ನಿ."

ಡಾಕ್ಟರಮ್ಮ ಸ್ಕ್ಯಾನ್ ಮಾಡಿ ನೋಡಿದರು. ಹೆಪ್ಪು ಕಟ್ಟಲು ಶುರುವಾಗಿತ್ತಷ್ಟೆ. ಜೊತೆಯವರೊಡನೆ ಮಾತಾಡಿ ಬಂದು, ಇದನ್ನು ಈಗಲೇ ಕೊಯ್ಯುವುದು ಬೇಡ, ಹೆಪ್ಪು ಕರಗಿಸುವ ಔಷಧ ಕೊಟ್ಟು ನೋಡೋಣ ಎಂದರು. ಕುರಿಯ ಕುತ್ತಿಗೆಗೆ ಡ್ರಿಪ್ ಹಾಕಿದರು. ಅದು ಕೊಸರಾಡದಂತೆ ಕುರಿತಾತ ತಬ್ಬಿ ಹಿಡಿದು ಕೂತ. ಊಟದ ಡಬ್ಬಿ ಬಿಚ್ಚಲಿಲ್ಲ. ಕಿಟಕಿಯ ಬಿಸಿಲು ನೆಲದಿಂದ ಗೋಡೆಗೆ ಹತ್ತಿದ ಹೊತ್ತಿಗೆ, ಕಿವಿ ಹಚ್ಚದೆಯೇ, ಕೇಳಿಸಿತು. ಟಿಕ್. ಆಮೇಲೆ ಟಿಕ್‌ಟಿಕ್. ಮೊದಲಿನಷ್ಟೇ ಸ್ಪಷ್ಟವಾಗಿ.

ಡಾಕ್ಟರಮ್ಮನ ಮುಖ ಅರಳಿತು. "ನೀವು ಬೇಗ ಹೇಳಿದ್ದಕ್ಕೇ ಇದು ಉಳ್ಕೊಂಡಿದ್ದು."

"ಮನುಷ್ಯರಿಗೂ ಇದೇ ಔಷಧಿನಾ ಮೇಡಂ?"

"ಹೌದು. ಬೇಗ ಬಂದ್ರೆ ತುಂಬ ಜನ ಉಳ್ಕೋತಾರೆ."

ಒಳ್ಳೆಯದಾಯಿತು ಎಂದಷ್ಟೇ ಹೇಳಿದ. ಅವರು ಕೈ ತೊಳೆದುಕೊಂಡು ಹೋಗುವವರೆಗೂ ಹಲ್ಲು ಕಚ್ಚಿ ತಡೆದುಕೊಂಡಿದ್ದ. ಬಾಗಿಲು ಮುಚ್ಚಿದ ಮೇಲೆ ಆಗಲಿಲ್ಲ. ಕುರಿಯ ಕುತ್ತಿಗೆಯನ್ನು ತಬ್ಬಿ, ಉಣ್ಣೆಯಲ್ಲಿ ಮುಖವಿಟ್ಟು ಬಿಕ್ಕಿ ಬಿಕ್ಕಿ ಅತ್ತ. ಅಳು ಕೇಳಿ ಕುರಿಗೆ ಗಾಬರಿಯಾಯಿತು, ಅದರೆದೆಯ ಸದ್ದು ಓಡತೊಡಗಿತು. ಅವನು ಅದರ ಬೆನ್ನು ಸವರಿದ.

"ಎಷ್ಟು ಬೇಕಾದ್ರೂ ಸದ್ದು ಮಾಡು ಕಣೇ. ಅದಿಲ್ದೆ ನಂಗೆ ನಿದ್ದೇನೇ ಬರಲ್ಲ."