ರೋಬೋಟಿನ ಬಲಗೈ

ರಾಯಚೂರಿನ ಒಂದು ಸಣ್ಣ ವಾರಪತ್ರಿಕೆಗೆ ನಾನು ಹಳೆಯ ಜಪಾನಿ ಕಾರ್ಟೂನುಗಳ ವಿಮರ್ಶೆ ಬರೆಯುತ್ತೇನೆ. ಮಾನ್ವಿಯಲ್ಲಿ ಕೂತು ಜಪಾನನ್ನು ಬೈದರೆ ಜಗಳಕ್ಕೆ ಯಾರೂ ಬರುವುದಿಲ್ಲ ಎಂಬ ಧೈರ್ಯ. ಓದುವವರು ನಾಲ್ಕೈದು ಮಂದಿ ಇದ್ದಾರು. ಅವರಲ್ಲಿ ನನಗೆ ಬೇಕಾದವರು ಒಬ್ಬರೇ, ನಮ್ಮಪ್ಪ. ದೇವದುರ್ಗದ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ದುಡಿದು ನಿವೃತ್ತರಾದವರು. ನಾನು ಬರೆದದ್ದಕ್ಕೆ ಇದುವರೆಗೆ ಒಮ್ಮೆಯೂ ‘ಚಲೋ ಅದ’ ಎಂದವರಲ್ಲ. ತಲೆ ನರೆತರೂ ಆ ಎರಡು ಶಬ್ದಕ್ಕೆ ನಾನಿನ್ನೂ ಬಾಯಿ ಬಾಯಿ ಬಿಡುತ್ತೇನೆ.

ಆ ಭಾನುವಾರ ಬೆಳಿಗ್ಗೆ ನೋಡಿದ್ದು ಬಾಹ್ಯಾಕಾಶದ ದೈತ್ಯ ರೋಬೋಟಿನ ಸರಣಿಯ ಒಂದು ಕಂತು. ಅಪ್ಪನೂ ಮಂಡಾಳೊಗ್ಗರಣೆಯ ತಟ್ಟೆ ಹಿಡಿದು ಪಕ್ಕದಲ್ಲಿ ಕೂತರು. ಕಥೆ ಎಂದಿನದೇ. ಇಡೀ ಬ್ರಹ್ಮಾಂಡ ಖಾಲಿ ಬಿದ್ದಿದ್ದರೂ ವೈರಿ ವಾರಕ್ಕೊಮ್ಮೆ ಅದೇ ಊರಿಗೆ ಬರುತ್ತಾನೆ, ಸಂತೆಗೆ ಬಂದ ಹಾಗೆ. ರೋಬೋಟಿನ ತಲೆಯೊಳಗೆ ಕೂತ ನಾಯಕ ಒಂದೊಂದು ಆಯುಧದ ಹೆಸರನ್ನೂ ಗಂಟಲು ಹರಿಯುವಂತೆ ಕೂಗಿ, ಆಮೇಲೆ ಹೊಡೆಯುತ್ತಾನೆ. ಅಲ್ಲಿಯವರೆಗೆ ವೈರಿ, ಪಾಪ, ಸುಮ್ಮನೆ ಕಾಯುತ್ತಾನೆ.

“ಹೆಸರು ಕೂಗಿ ಹೊಡಿಯಾಕ, ಮದುವಿ ಮನ್ಯಾಗ ಮೈಕ್ ಹಿಡ್ಕೊಂಡು ಮುಯ್ಯಿ ಮಾಡಿದವರ ಹೆಸರು ಓದಾಕತ್ತಾನೇನಲೇ ಅವ?” ಎಂದರು ಅಪ್ಪ. ಆ ಮಾತನ್ನು ಹಾಗೆಯೇ ಕದ್ದು ವಿಮರ್ಶೆಗೆ ಹಾಕಿಕೊಂಡೆ.

ನಡುವೆ ರೋಬೋಟಿನ ಬಲಗೈ ಕಿತ್ತು ಬೀಳುತ್ತದೆ. ನಾಯಕ ಬಂಡೆಯ ಮೇಲೆ ನಿಂತು ಗಾಳಿಗೆ ಕೂದಲು ಹಾರಿಸುತ್ತಾ ಅಳುತ್ತಾನೆ. ಅಷ್ಟರಲ್ಲಿ ಶೆಡ್ಡಿನಲ್ಲಿ ಒಬ್ಬ ಮುದುಕ ಸ್ಪ್ಯಾನರ್ ಹಿಡಿದು ಆ ಕೈಯನ್ನು ಮತ್ತೆ ಜೋಡಿಸಿ, ಹಣೆ ಒರೆಸಿಕೊಂಡು ಹೊರಗೆ ಹೋಗುತ್ತಾನೆ. ಮುಂದೆ ಯುದ್ಧ, ಗೆಲುವು, ನಾಯಕನಿಗೆ ಜಯಕಾರ. ಅಪ್ಪ ಮಾತ್ರ ಮುದುಕನ ದೃಶ್ಯವನ್ನು ಎರಡು ಸಲ ಹಿಂದಕ್ಕೆ ಹಾಕಿಸಿಕೊಂಡು ನೋಡಿದರು. “ಪಾನಾ ಹಿಡಿಯೋದು ಗೊತ್ತದ ಇವಂಗ,” ಎಂದರು. ನಾನು ನಾಯಕನ ಕೂದಲ ಬಗ್ಗೆ ಕುಹಕ ಹೊಸೆಯುವುದರಲ್ಲಿ ಮುಳುಗಿದ್ದೆ.

ಪತ್ರಿಕೆ ಬಂದ ದಿನ ಅಪ್ಪ ಕನ್ನಡಕ ಏರಿಸಿ ಓದಲು ಕೂತರು. ಚಹಾ ಕೊಡುವ ನೆಪದಲ್ಲಿ ನಾನು ಅಲ್ಲೇ ಸುಳಿದಾಡಿದೆ. ಕೂದಲಿಗೇ ಮೂರು ಪ್ಯಾರಾ ಸುರಿದಿದ್ದೆ. ತಮ್ಮದೇ ಮುಯ್ಯಿಯ ಮಾತು ಬಂದಾಗಲಾದರೂ ನಕ್ಕಾರು ಎಂದುಕೊಂಡೆ. ನಗಲಿಲ್ಲ.

“ಕೈ ಜೋಡಿಸಿದಾವ ಎಲ್ಲಿ ಅದಾನ ಇದ್ರಾಗ?”

“ಯಪ್ಪಾ, ಅವಂದು ಅರ್ಧ ನಿಮಿಷದ ಪಾತ್ರ. ಅವಂಗ ಒಂದು ಹೆಸರೂ ಇಟ್ಟಿಲ್ಲ ಅವರು.”

“ಅವರು ಇಡಲಿಲ್ಲ, ನೀ ಬರೀಲಿಲ್ಲ.” ಪತ್ರಿಕೆ ಮಡಚಿ ಪಕ್ಕಕ್ಕಿಟ್ಟರು. “ನೀ ಹೆಂಗ ಬರೀತಿ ಬಿಡು. ಹೈಸ್ಕೂಲ್ ಅರ್ಜ್ಯಾಗ ಅಪ್ಪನ ಉದ್ಯೋಗ ಡ್ರೈವರ್ ಅಂತ ಬರದಾವ ನೀನು.”

ನನಗೆ ಮುಖ ಎಲ್ಲಿ ಇಟ್ಟುಕೊಳ್ಳಲಿ ಎನ್ನಿಸಿತು. ಹೌದು, ಬರೆದಿದ್ದೆ. ಡ್ರೈವರುಗಳ ಹೆಸರು ಡಿಪೋದ ಬೋರ್ಡಿನ ಮೇಲೆ ಇರುತ್ತಿತ್ತು, ಆಯುಧಪೂಜೆಯ ದಿನ ಅವರ ಕೊರಳಿಗೆ ಹಾರ ಬೀಳುತ್ತಿತ್ತು. ಬಸ್ಸಿನ ಕೆಳಗೆ ಮಲಗಿ ಗ್ರೀಸ್ ಮೆತ್ತಿಕೊಳ್ಳುವ ಅಪ್ಪನನ್ನು ಮೇಷ್ಟ್ರ ಮುಂದೆ ಹೇಳಿಕೊಳ್ಳಲು ನನಗೆ ನಾಚಿಕೆಯಾಗಿತ್ತು. ಇಷ್ಟು ವರ್ಷ ಅದು ನನಗೊಬ್ಬನಿಗೇ ಗೊತ್ತಿರುವ ವಿಷಯ ಎಂದುಕೊಂಡಿದ್ದೆ.

“ನಿನಗ ಯಾವಾಗ ಗೊತ್ತಾತು?” ಎಂದು ಕೇಳಿದೆ.

ಅಪ್ಪ ಚಹಾ ಕೈಗೆ ತೆಗೆದುಕೊಂಡರು. “ಅವತ್ತಽ. ಅರ್ಜಿ ಕೆಳಗ ಸಹಿ ಮಾಡಿದಾವ ನಾನಽ ಅಲ್ಲೇನು?”