ಎಡಗೆನ್ನೆಯ ಮಚ್ಚೆ

ಪೆನ್ಸಿಲ್ಲಿಗಿಂತ ರಬ್ಬರು ಬೇಗ ಸವೆಯುತ್ತದೆ ಎಂಬ ಪರಮಸತ್ಯ ನನಗೆ ಸಾಕ್ಷಾತ್ಕಾರವಾದದ್ದು ಅರವತ್ತು ದಾಟಿದ ಮೇಲೆ, ಮುಖಚಿತ್ರ ಬರೆಯುವ ಹುಚ್ಚು ಹಿಡಿದಾಗ. ವಿಜಯಪುರದ ನಮ್ಮ ಬಟ್ಟೆ ಅಂಗಡಿಯಲ್ಲಿ ಆಯುಷ್ಯವೆಲ್ಲ ಅಳೆದು ಹರಿದುಕೊಟ್ಟ ಈ ಕೈಗೆ ಗೇಣುದ್ದದ ಮುಖ ಯಾವ ಲೆಕ್ಕ ಎಂಬ ಧಿಮಾಕಿನಿಂದ ಮೊಬೈಲಿನ ಪಾಠಗಳನ್ನು ನೋಡಿ ಶುರುಮಾಡಿದೆ. ಕಣ್ಣುಗಳು ತಲೆಯ ನಟ್ಟನಡುವೆ ಇರುತ್ತವೆ ಎಂದು ಮೊಬೈಲಿನ ಗುರು ಹೇಳಿದ್ದನ್ನು ನಾನು ನಂಬಲಿಲ್ಲ. ವ್ಯಾಪಾರಿಯ ಜಾಯಮಾನದಂತೆ ಹಣೆಯಲ್ಲಿ ಉಳಿತಾಯ ಮಾಡಿ ಕಣ್ಣುಗಳನ್ನು ಮೇಲಕ್ಕೇರಿಸಿದೆ. ನಾನು ಬರೆದವರೆಲ್ಲ ಟೋಪಿಯಿಲ್ಲದೆ ಹೊರಗೆ ಹೋಗಲಾರದಂತಾದರು.

ನಮ್ಮಲ್ಲಿ ಕಟ್ಟು ಹಾಕಿ ಗೋಡೆಗೆ ತೂಗುಬಿಡುವುದು ತೀರಿಹೋದವರ ಚಿತ್ರವನ್ನು ಮಾತ್ರ. ನನ್ನ ಮೊದಲ ಕೃತಿಗೆ ಉತ್ಸಾಹದಿಂದ ಕಟ್ಟು ಹಾಕಿಸಿ ಅಂಗಡಿಯಲ್ಲಿಟ್ಟಾಗ, ತೊರವಿಯ ಹಳೆಯ ಗಿರಾಕಿಯೊಬ್ಬರು ಅದನ್ನು ನೋಡಿ ದನಿ ತಗ್ಗಿಸಿ, “ಪಾಪ, ಭಾಳ ದಿನ ಜಡ್ಡಿನಾಗ ಇದ್ರೇನ್ರಿ?” ಎಂದು ಕೇಳಿದರು. ಅದು ಅವರದೇ ಚಿತ್ರವಾಗಿತ್ತು. ಹೌದ್ರಿ ಅಂದುಬಿಟ್ಟೆ.

ಮನೆಯಲ್ಲಿ ನನ್ನ ಹೆಂಡತಿ ನೀಲಾಳಿಗಂತೂ ಸುಮ್ಮನೆ ಕೂತುಕೊಳ್ಳುವ ವಿದ್ಯೆಯೇ ಗೊತ್ತಿಲ್ಲ. ಚಿತ್ರಕ್ಕೆ ಕೂರು ಎಂದು ಗೋಗರೆದು ಸಾಕಾಗಿತ್ತು. ಎಳೆ ಜೋಳದ ತೆನೆ ಸುಟ್ಟು ಸೀತನಿ ತಿನ್ನುವ ದಿನಗಳಲ್ಲಿ ಘೋಣಸಗಿಯ ತನ್ನ ಅಕ್ಕನ ಮನೆಗೆ ಹೊರಟಾಗ ಆಕೆ ಒಂದು ಕರಾರು ಹಾಕಿದಳು. “ನನ್ನ ನೋಡ್ಲಾರ್ದ ಬರೀರಿ. ಹೊಂದಿತಂದ್ರ ಎಷ್ಟ ಹೊತ್ತ ಬೇಕಾದ್ರೂ ಕುಂಡ್ರತೇನಿ. ಇಲ್ಲಂದ್ರ ಈ ಪೆನ್ಸಿಲ್ ನನ್ನ ಮುಂದ ತರಬ್ಯಾಡ್ರಿ.”

ಆಕೆ ಊರಲ್ಲಿಲ್ಲದ ಅಷ್ಟೂ ದಿನ ನೆನೆದು ನೆನೆದು ಬರೆದೆ. ಮೂಗು ಬಂತು, ಮೂಗುತಿ ಬಂತು, ನಗು ತಡೆದುಕೊಂಡಾಗ ತುಟಿಯ ಅಂಚಿನಲ್ಲಿ ಮೂಡುವ ಆ ಸಣ್ಣ ಗೆರೆಯೂ ಬಂತು. ಭಾನುವಾರ ಚಿತ್ರವನ್ನು ಸೀರೆಯ ಡಬ್ಬಿಯಲ್ಲಿಟ್ಟುಕೊಂಡು, ಯುದ್ಧ ಗೆದ್ದವನ ಗತ್ತಿನಲ್ಲಿ ಮೋಟಾರ್‌ಸೈಕಲ್ ಹತ್ತಿ ಘೋಣಸಗಿಗೆ ಹೋದೆ.

ಮೊದಲು ನೋಡಿದವಳು ಅವಳ ಅಕ್ಕ. “ಮೂಗ ಥೇಟ್ ಹಂಗ ಐತಿ. ಖರೆ, ಮಚ್ಚಿ ಬಲಗಲ್ಲದ ಮ್ಯಾಲ ಅಲ್ರಿ?” ಎಂದಳು. ನಾನು ಎಡಗೆನ್ನೆಯೇ ಎಂದು ವಾದಿಸಿ, ತಿರುಗಿ ನೀಲಾಳ ಮುಖ ನೋಡಿದೆ. ಮಚ್ಚೆ ಬಲಗೆನ್ನೆಯ ಮೇಲೆ ನಿಶ್ಚಿಂತೆಯಿಂದ ಕೂತಿತ್ತು. ಎಲ್ಲರೂ ನಕ್ಕರು. ಆಕೆಯೂ ನಕ್ಕಳು, ಆದರೆ ಆ ನಗು ಬೇಗ ಮುಗಿಯಿತು.

“ಇಷ್ಟ ವರ್ಷ ಏನ ನೋಡೀರಿ ನೀವು?” ಎಂದಳು. ಸಿಟ್ಟಿನಿಂದ ಕೇಳಿದ್ದರೆ ಉತ್ತರ ಹುಡುಕುತ್ತಿದ್ದೆ. ಮೆಲ್ಲಗೆ ಕೇಳಿದ್ದರಿಂದ ನನಗೆ ಬಹಳ ನೋವಾಯಿತು. ಕರಾರು ಸೋತದ್ದಿರಲಿ, ತಾನು ನನ್ನ ಕಣ್ಣಿಗೇ ಬಿದ್ದಿಲ್ಲವೆಂದು ಈಕೆ ತಿಳಿದುಕೊಂಡುಬಿಟ್ಟಳಲ್ಲ ಎಂಬ ಸಂಕಟ ಸೀತನಿಯನ್ನೂ ರುಚಿಗೆಡಿಸಿತು.

ಮರಳಿ ಬರುವಾಗ ನೀಲಾ ಹಿಂದಿನ ಸೀಟಿನಲ್ಲಿದ್ದಳು. ಎಂದಿನಂತೆ ನನ್ನ ಭುಜದ ಮೇಲಿನಿಂದ ಇಣುಕಿ, ಎಮ್ಮೆ ಬಂತು, ಟ್ರ್ಯಾಕ್ಟರ್ ಬಂತು ಎಂಬ ನಿರ್ದೇಶನಗಳು ಮಾತ್ರ ಇಲ್ಲ. ಟಿಕೋಟಾ ದಾಟಿ ತೊರವಿ ಹತ್ತಿರವಾದಾಗ, ರೂಢಿಯಂತೆ ಗಾಡಿಯ ಕನ್ನಡಿಯಲ್ಲಿ ಆಕೆಯ ಮುಖ ನೋಡಿದೆ. ಮಚ್ಚೆ ಎಡಗೆನ್ನೆಯ ಮೇಲಿತ್ತು!

ಗಾಡಿ ನಿಲ್ಲಿಸಿದೆ. ಅಂಗಡಿಯಲ್ಲಿ ಗಿರಾಕಿ, ಮನೆಯಲ್ಲಿ ಪತ್ರಿಕೆ ಎಂದು ದಿನ ಕಳೆದವನು ನಾನು. ಮದುವೆ, ಸಂತೆ, ಬೀಗರೂಟ ಎಂದು ಊರೂರು ತಿರುಗುವಾಗಲೇ ಆಕೆಯನ್ನು ಮನಸ್ಸು ತುಂಬಿ ನೋಡಿದ್ದು, ಅದೂ ಎಡಬಲ ಅದಲುಬದಲಾಗುವ ಈ ಕನ್ನಡಿಯಲ್ಲಿ. ಕನ್ನಡಿಯನ್ನು ಆಕೆಯತ್ತ ತಿರುಗಿಸಿ, ಚಿತ್ರವನ್ನು ಅದರ ಪಕ್ಕಕ್ಕೆ ಹಿಡಿದೆ. ಎರಡೂ ಒಂದೇ ಆಗಿದ್ದವು.

ಆಕೆ ಬಹಳ ಹೊತ್ತು ನೋಡಿದಳು. ಹಣೆಯ ಮೇಲಿನ ಕೂದಲು ಸರಿಮಾಡಿಕೊಂಡಳು. ತುಟಿಯಂಚಿನಲ್ಲಿ ಆ ಸಣ್ಣ ಗೆರೆ ಮೂಡಿತು.

“ಅಂದ್ರ ಗಾಡಿ ಹೊಡಿಯೂವಾಗ ನೀವು ಹಾದೀನ ನೋಡೂದಿಲ್ಲ,” ಎಂದಳು.

ಸಂಜೆ ಮಚ್ಚೆಯನ್ನು ಸರಿಪಡಿಸಲೆಂದು ಹೊಸ ರಬ್ಬರು ಬಿಚ್ಚಿದೆ. ನೀಲಾ ಅದನ್ನು ಕೈಯಿಂದ ಕಸಿದು ತನ್ನ ಸೂಜಿದಾರದ ಡಬ್ಬಿಗೆ ಸೇರಿಸಿ, ಮಡಿಲಲ್ಲಿ ಮೆಂತ್ಯೆಪಲ್ಲೆಯ ಕಟ್ಟು ಇಟ್ಟುಕೊಂಡು ನನ್ನ ಎದುರಿಗೆ ಕೂತಳು. ಅದು ಹಾಗೇ ಇರಲಿ, ಇನ್ನೊಂದು ಬರೆಯಿರಿ ಎಂದಳು. ಸೊಪ್ಪು ಸೋಸುವ ಮುಖ ಒಂದೆಡೆ ನಿಲ್ಲುವುದಿಲ್ಲ, ನಿಜ. ಆದರೂ ದಿನಾ ಕೂರುತ್ತಾಳೆ. ರಬ್ಬರು ಕೇಳಿದರೆ ಕೊಡುತ್ತಾಳೆ, ಏನು ಅಳಿಸುತ್ತೀರಿ ಎಂದು ವಿಚಾರಿಸಿಯೇ ಕೊಡುತ್ತಾಳೆ. ಹೀಗಾಗಿ ಈಗ ನಮ್ಮ ಮನೆಯಲ್ಲಿ ಪೆನ್ಸಿಲ್ಲೇ ಮೊದಲು ಸವೆಯುತ್ತಿದೆ.