ಮುಖವಾಡದವನ ಕಣ್ಣು

ಹೂಟಗಳ್ಳಿಯ ಸಿದ್ದಲಿಂಗಮ್ಮ ಮದುವೆಗೆ ಮುಂಚಿನಿಂದಲೂ ಬಿಂದುಮಾಧವರ ಚಿತ್ರಶಾಲೆಯಲ್ಲಿ ದುಡಿಯುತ್ತಿದ್ದಾರೆ. ಮೈಸೂರು ಶೈಲಿಯ ದೇವರ ಚಿತ್ರಗಳಲ್ಲಿ ಚಿನ್ನದ ರೇಕಿನಿಂದ ಸೀರೆಯ ನೆರಿಗೆಯವರೆಗೆ ಅವರದೇ ಕೈ. ಕಣ್ಣು ಮಾತ್ರ ಅಲ್ಲ. ಕಣ್ಣು ಬರೆದು ತೆರೆಯುವುದು ಕೊನೆಯ ಕೆಲಸ, ಅದು ಗುರುವಿನದು. ಕಡೆಯ ಕಣ್ಣು ತೆರೆದವರ ಹೆಸರೇ ಚಿತ್ರಕ್ಕೆ.

ಹೋದ ವರ್ಷ ಸಿದ್ದಲಿಂಗಮ್ಮ ಬರೆದ ರಾಜರಾಜೇಶ್ವರಿಗೆ ದೊಡ್ಡ ಬಹುಮಾನ ಬಂತು. ಹಾರ ಬಿದ್ದದ್ದು ಬಿಂದುಮಾಧವರ ಕೊರಳಿಗೆ.

"ನನ್ನೆಸ್ರೂ ಒಂದ್ ಮಾತು ಹೇಳ್ಬೋದಿತ್ತಲ್ಲ ಮೇಷ್ಟ್ರೆ."

"ಕಣ್ಣು ತೆರೆದೋರು ಯಾರಮ್ಮ? ಸೀರೆ ಉಡಿಸಿದೋಳೆಲ್ಲ ಹೆತ್ತ ತಾಯಿ ಆಗ್ತಾಳಾ?" ಎಂದು ಅವರು ಎಲ್ಲರೆದುರು ನಕ್ಕರು. ಆ ನಗುವನ್ನು ಸಿದ್ದಲಿಂಗಮ್ಮ ಮರೆಯಲಿಲ್ಲ.

ಈ ವರ್ಷ ಯಾದವಗಿರಿಯ ದಿವ್ಯ ಎಂಬುವವರು ಯುರೋಪಿನ ಹಳೆಯ ಬರೋಕ್ ಶೈಲಿಯ ಚಿತ್ರವೊಂದರ ಮುದ್ರಣ ತಂದು, ತಮ್ಮ ಮನೆಯ ಹಜಾರಕ್ಕೆ ಅಂಥದೇ ಬೇಕೆಂದರು. ರೆಕ್ಕೆಯ ಮುದುಕನೊಬ್ಬ ಹುಡುಗಿಯೊಬ್ಬಳ ಮೇಲಿನ ಹೊದಿಕೆ ಎಳೆಯುತ್ತಿದ್ದಾನೆ. ಬೆಳಕೆಲ್ಲ ಅವಳ ಮೇಲೆ. ಕೆಳಗೆ ಕತ್ತಲ ಮೂಲೆಯಲ್ಲಿ, ಮುಖವಾಡ ಜಾರಿದ ಗಂಡಸು.

"ಇಷ್ಟೊಂದ್ ಕಪ್ಪು ಯಾಕೆ ಮೇಡಂ? ನಮ್ ದೇವ್ರಿಗೆಲ್ಲ ಮೈತುಂಬ ಬೆಳಕು ಕೊಡ್ತೀವಿ" ಎಂದರು ಸಿದ್ದಲಿಂಗಮ್ಮ.

"ಮುದುಕ ಅಂದ್ರೆ ಕಾಲ, ಹುಡುಗಿ ಸತ್ಯ. ಕಾಲ ಸತ್ಯಾನ ಬಯಲಿಗೆ ತರ್ತಿದೆ. ಮುಖವಾಡದವನು ವಂಚನೆ. ಬೆಳಕು ಕಂಡ್ರೆ ಭಯ ಅವನಿಗೆ."

"ಬಯ ಒಂದೇ ಅಲ್ಲ ಬುಡಿ. ಅವ್ನ ಕೈ ಇನ್ನೂ ಆ ಬಟ್ಟೆ ತುದಿ ಹಿಡ್ಕೊಂಡದೆ. ಬುಡಕ್ಕೆ ಮನಸ್ಸಿಲ್ಲ."

"ಹೌದಲ್ವಾ!" ಎಂದರು ದಿವ್ಯ.

ಆ ಗಂಡಸಿಗೆ ಯಾರ ಮುಖ ಕೊಡಬೇಕೆಂದು ಸಿದ್ದಲಿಂಗಮ್ಮ ಅಲ್ಲೇ ನಿಶ್ಚಯಿಸಿದರು. ಬಾಗಿದ ಮೂಗು, ತುಟಿಯ ಪಕ್ಕದ ಮಚ್ಚೆ, ಸೀಳುಗದ್ದ ಎಲ್ಲವನ್ನೂ ಕಪ್ಪಿನೊಳಗೆ ಬರೆದರು. ಕಣ್ಣಿಲ್ಲದ ಮುಖದ ಗುರುತು ಯಾರಿಗೂ ಹತ್ತಲಿಲ್ಲ.

ಕಣ್ಣು ತೆರೆಯುವ ದಿನ ದಿವ್ಯ ಅವರ ಹಜಾರದ ತುಂಬ ನೆಂಟರು. ಬಿಂದುಮಾಧವರು ಕಾಲನ ಕಣ್ಣು ತೆರೆದರು, ಸತ್ಯದ್ದೂ ತೆರೆದರು. ಮೂರನೆಯ ಮುಖಕ್ಕೆ ಬಗ್ಗಿದವರ ಕೈ ನಿಂತುಹೋಯಿತು.

"ಏನಿದು?" ಎಂದು ಪಿಸುಗುಟ್ಟಿದರು.

"ವಂಚನೆ ಮೇಷ್ಟ್ರೆ. ಕಣ್ ತೆರೀರಿ."

ತೆರೆದರೆ ಆ ಮುಖ ತಮ್ಮದೇ ಎಂದು ಎಲ್ಲರಿಗೂ ಗೊತ್ತಾಗುತ್ತದೆ. ಅಳಿಸಿದರೆ ಕಾರಣ ಹೇಳಬೇಕು.

"ಏನಾಯ್ತು ಸರ್?" ದಿವ್ಯ ಹತ್ತಿರ ಬಂದರು.

"ಕಣ್ಣು ಮಂಜಾಗ್ತಿದೆ. ನೀನೇ ತೆರೆದ್ಬಿಡಮ್ಮ." ಕುಂಚ ಚಾಚಿದರು.

"ಹಂಗಾದ್ರೆ ಹೆಸ್ರು?"

"ನಿನ್ನದೇ ಬರ್ಕೊ."

"ಮೇಡಂಗೆ ಕೇಳಿಸ್ನಿಲ್ಲ."

"ಸಿದ್ದಲಿಂಗಮ್ಮ ಬರೆದ ಚಿತ್ರ ಇದು. ಅವಳ ಹೆಸರೇ ಇರಲಿ" ಎಂದರು, ಎಲ್ಲರಿಗೂ ಕೇಳುವಂತೆ. ಆಮೇಲೆ ತಗ್ಗಿದ ದನಿಯಲ್ಲಿ, "ಬೇರೆ ಯಾರದಾದ್ರೂ ಕಣ್ಣು ಇಡು ತಾಯಿ" ಎಂದು ಬೇಡಿದರು.

ಸಿದ್ದಲಿಂಗಮ್ಮ ಕುಂಚ ತೆಗೆದುಕೊಂಡು ಅವರ ಮುಖವನ್ನೇ ದಿಟ್ಟಿಸಿದರು.

"ಒಂದ್ ಗಳಿಗೆ ಅಲ್ಲಾಡ್ದೆ ನಿಂತ್ಕಳಿ ಮೇಷ್ಟ್ರೆ" ಎಂದು, ಎಡಗಣ್ಣಿನಿಂದ ಶುರು ಮಾಡಿದರು.